ಶನಿವಾರದ ಮಿಕಾಕೆರು

ಕಿಟಕಿಯ ಕಡೆ ನೋಡಬಾರದು ಎಂದುಕೊಂಡೇ ಅವಳು ಆ ಸಂಜೆ ಮೀಟಿಂಗ್ ಕೋಣೆಗೆ ಬಂದಿದ್ದಳು. ಕಿಟಕಿಗೆ ಬೆನ್ನು ಹಾಕುವ ಕುರ್ಚಿಯನ್ನೇ ಆರಿಸಿ ಕೂತಿದ್ದಳು. ಇವತ್ತು ಶನಿವಾರವಲ್ಲ. ಕೆಳಗಿನ ಅಂಗಳದಲ್ಲಿ ಯಾರೂ ಇರುವುದಿಲ್ಲ. ಮುಚ್ಚಿಹೋದ ಗೋದಾಮಿನ ಉದ್ದ ಗೋಡೆ, ಅದರ ಮುಂದೆ ಬಿರುಕು ಬಿಟ್ಟ ಸಿಮೆಂಟು, ಬಿರುಕಿನಲ್ಲಿ ಹುಲ್ಲು, ಅಷ್ಟೇ. ಆದರೂ ಬೆನ್ನಿಗೆ ಆ ಕಿಟಕಿ ಬಿಸಿಲಿನ ಹಾಗೆ ತಾಗುತ್ತಿತ್ತು. ಯಾರಾದರೂ ಬೆನ್ನ ಹಿಂದೆ ನಿಂತರೆ ಒಂದಕ್ಷರವೂ ಟೈಪ್ ಮಾಡಲಾಗದವಳು ಅವಳು. ಕಚೇರಿಯ ಯಜಮಾನರು ಬಂದು ನಿಂತರಂತೂ ಬೆರಳುಗಳು ಕೀಲಿಮಣೆಯ ಮೇಲೆ ಮರದ ಕಡ್ಡಿಗಳಾಗಿ, 'ಕವಾಟ' ಎನ್ನುವುದು 'ಕಾವಟ' ಆಗಿ, ಅವರು "ನಿಧಾನ, ನಿಧಾನ" ಎಂದು ಸಮಾಧಾನ ಹೇಳಿ, ಆ ಸಮಾಧಾನಕ್ಕೇ ಕಿವಿ ಕೆಂಪಾಗಿ, ಕೊನೆಗೆ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗಬೇಕಾಗುತ್ತಿತ್ತು. ಓದಿದ್ದು ಸಾಹಿತ್ಯ, ಮಾಡುತ್ತಿದ್ದುದು ವಾಲ್ವು, ವಾಷರು, ಗ್ಯಾಸ್ಕೆಟ್ಟುಗಳ ಕೆಲಸ. ಜಪಾನಿನಿಂದ ಬರುವ ನೀರೆತ್ತುವ ಪಂಪುಗಳಿಗೆ ಕೈಪಿಡಿ ಬರೆಯುವ ಕಚೇರಿ ಅದು. ನಡುವೆ ಇಂಗ್ಲಿಷಿನ ದಲ್ಲಾಳಿತನ ಬೇಡ, ನೇರವಾಗಿ ಆ ಭಾಷೆಯನ್ನೇ ಕಲಿತುಬಿಡಿ ಎಂದು ಯಜಮಾನರು ವಾರಕ್ಕೊಂದು ಸಂಜೆ ಪಾಠ ಇಡಿಸಿದ್ದರು. ಬಂದವರಲ್ಲಿ ಉಳಿದವರು ಇಬ್ಬರೇ: ಅವಳು, ಮತ್ತು ಪಾಠದ ಜೊತೆ ಪುಕ್ಕಟೆ ಸಿಗುವ ಚಹಾ ಬಿಸ್ಕತ್ತಿಗಾಗಿ ಬರುತ್ತೇನೆಂದು ತಾನೇ ಹೇಳಿಕೊಳ್ಳುವ ಅಕೌಂಟೆಂಟು.

"ಮಿಕಾಕೆರು," ಎಂದರು ಟೀಚರು, ಬಿಳಿ ಹಲಗೆಯ ಮೇಲೆ ಬರೆದು. ಗಂಡನ ಕೆಲಸದ ದೆಸೆಯಿಂದ ಜಪಾನಿನಲ್ಲಿ ಬಹಳ ವರ್ಷ ಇದ್ದು ಬಂದ ಹೆಂಗಸು. ಯಾವಾಗಲೂ ಚಪ್ಪಲಿ ಬಿಚ್ಚಿಟ್ಟೇ ಪಾಠ ಮಾಡುತ್ತಿದ್ದರು. "ಅಂದ್ರೆ ನೋಡೋದು. ಆದ್ರೆ ನೋಡಬೇಕು ಅಂತ ನೋಡೋದಲ್ಲ. ನೀವು ಎಲ್ಲಿಗೋ ಹೋಗ್ತಿರ್ತೀರಿ, ಅಲ್ಲೊಬ್ಬರು ಕಾಣ್ತಾರೆ. ನೀವು ಮಾತಾಡಿಸಲ್ಲ, ಅವರು ತಿರುಗಲ್ಲ. ಅಷ್ಟೇ, ಮುಗೀತು."

"ಕಣ್ಣಿಗೆ ಬಿತ್ತು ಅಂತೀವಲ್ಲ, ಅದೇ ತಾನೇ?" ಎಂದ ಅಕೌಂಟೆಂಟು, ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡೇ.

"ಹತ್ರ ಹತ್ರ ಅದೇ. ಆದ್ರೆ ನಮ್ಮ ಮಾತಲ್ಲಿ ಬೀಳೋದು ಆ ವಸ್ತು. ಕಣ್ಣು ಪಾಪ ಸುಮ್ನೆ ತೆರಕೊಂಡಿರತ್ತೆ, ಇದು ಬಂದು ಬೀಳತ್ತೆ. ಅವರ ಮಾತಲ್ಲಿ ಹಾಗಲ್ಲ. ನೋಡಿದ್ದು ನೀವೇ. ನಾನು ಮಿಕಾಕೆರು ಮಾಡಿದೆ ಅನ್ನಬೇಕು. ಕೈ ತೊಳಕೊಳ್ಳೋ ಹಾಗಿಲ್ಲ."

"ಹಾಗಾದ್ರೆ ತಪ್ಪು ನಮ್ಮ ತಲೆಗೇ ಕಟ್ಟಿದ ಹಾಗಾಯ್ತಲ್ಲ ಟೀಚರ್."

"ತಪ್ಪೇ ಇಲ್ವಲ್ಲಪ್ಪ! ಅದೇ ಈ ಪದದ ಚಂದ. ನೋಡಿದ್ದು ನೀನೇ, ಆದ್ರೆ ತಪ್ಪಿಲ್ಲ."

ನೋಡಿದ್ದು ನೀನೇ, ಆದರೆ ತಪ್ಪಿಲ್ಲ. ಈ ಮಾತನ್ನು ಅವಳು ಬಿಸಿ ಲೋಟ ಹಿಡಿಯುವ ಹಾಗೆ ಒಮ್ಮೆ ಈ ಕೈಯಿಂದ ಒಮ್ಮೆ ಆ ಕೈಯಿಂದ ಹಿಡಿದು ನೋಡಿದಳು. ಎಷ್ಟು ಹಗುರವಾಗಿದೆ. ಇಷ್ಟು ದಿನ ಯಾರೂ ಇದನ್ನು ತನಗೆ ಯಾಕೆ ಹೇಳಿರಲಿಲ್ಲ ಎಂದು ಸಣ್ಣ ಸಿಟ್ಟೂ ಬಂತು. ಮೊದಲ ಶನಿವಾರ ನಿಜಕ್ಕೂ ಹಾಗೇ ಆದದ್ದು. ಅರ್ಧ ದಿನದ ಕೆಲಸ ಮುಗಿದು ಎಲ್ಲರೂ ಹೋಗಿಯಾಗಿತ್ತು. ಸ್ಟೇಪ್ಲರ್ ಹುಡುಕಿಕೊಂಡು ಈ ಕೋಣೆಗೆ ಬಂದವಳು ಕಿಟಕಿಯಿಂದ ಕೆಳಗೆ ನೋಡಿದಾಗ, ಗೋದಾಮಿನ ಅಂಗಳದಲ್ಲಿ ಯಾರೋ ಹೆಂಗಸು ಸೈಕಲ್ ಕಲಿಯುತ್ತಿದ್ದಳು. ಕೆಂಪು ಸೈಕಲ್ಲು. ಹಿಂದೆ ಸೀಟು ಹಿಡಿದುಕೊಂಡು ದಪ್ಪನೆಯ ಮನುಷ್ಯನೊಬ್ಬ ಓಡುತ್ತಿದ್ದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಈ ವಯಸ್ಸಿನಲ್ಲಿ ಪರವಾಗಿಲ್ಲವೇ, ಗಟ್ಟಿಗಿತ್ತಿ, ಎಂದುಕೊಂಡು, ಗುರುತಿಲ್ಲದವರನ್ನು ಕಂಡು ನಗುವಷ್ಟೇ ನಕ್ಕಳು. ಹೆಂಗಸು ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಕಿಟಕಿ ಮುಚ್ಚಿತ್ತು, ನಗುವಿನ ಸದ್ದಿರಲಿಲ್ಲ, ತೆರೆದ ಬಾಯಿ ಮಾತ್ರ. ಆಮೇಲೆ ಆ ಮೊಣಕೈಗಳು. ಹೊಲಿಗೆ ಯಂತ್ರದ ಮುಂದೆ ಕೂತಾಗ ಹೊರಕ್ಕೆ ಚಾಚಿಕೊಳ್ಳುವ, ದಾರಿಯಲ್ಲಿ ನಡೆಯುವವರಿಗೆಲ್ಲ ತಿವಿಯುವ ಮೊಣಕೈಗಳು. ಅಮ್ಮ. ಆಸ್ಪತ್ರೆಯ ಲಿನನ್ ಕೋಣೆಯಲ್ಲಿ ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುವ ಅಮ್ಮ. ಬೆಳಿಗ್ಗೆಯಷ್ಟೇ "ಇವತ್ತು ಓವರ್‌ಟೈಮ್ ಇದೆ ಕಣೇ, ಊಟಕ್ಕೆ ಕಾಯಬೇಡ" ಎಂದು ಹೇಳಿ ಹೋಗಿದ್ದ ಅಮ್ಮ. ಗುರುತು ಹತ್ತುವ ಮೊದಲಿನ ಆ ಒಂದು ಚೂರು ಹೊತ್ತಿನಲ್ಲಿ ತನಗೆ ಪರಿಚಯವೇ ಇಲ್ಲದ ಒಬ್ಬ ಹೆಂಗಸನ್ನು ಅವಳು ಮೆಚ್ಚಿಬಿಟ್ಟಿದ್ದಳು. ಆ ಮೆಚ್ಚುಗೆ ಹಿಂದಕ್ಕೆ ತೆಗೆದುಕೊಳ್ಳಲು ಬರುವಂಥದ್ದಾಗಿರಲಿಲ್ಲ.

ಅಷ್ಟಕ್ಕೇ ಕಿಟಕಿ ಬಿಟ್ಟು ಬಂದುಬಿಟ್ಟಿದ್ದರೆ ಅದು ಮಿಕಾಕೆರು. ಆದರೆ ಅವಳು ಪರದೆಯ ಹಿಂದೆ ಸರಿದು ನಿಂತಳು. ಹುಡುಕಿ ತೆಗೆದಿದ್ದ ಸ್ಟೇಪ್ಲರ್ ಕೈಯಲ್ಲೇ ಇತ್ತು. ಅಮ್ಮ ಕೆಳಗಿಳಿದು, ಸೈಕಲ್ಲನ್ನು ಗೋಡೆಗೊರಗಿಸಿ, ದಪ್ಪ ಮನುಷ್ಯನ ಜೊತೆ ನೆಲದಲ್ಲಿ ಕೂತು ಡಬ್ಬಿ ಬಿಚ್ಚುವವರೆಗೂ ನಿಂತಳು. ಮುಂದಿನ ಶನಿವಾರ ಗ್ಯಾಸ್ಕೆಟ್ ಪುಟ ಬಾಕಿ ಇದೆ ಎಂದು ಉಳಿದುಕೊಂಡಳು. ಅದರ ಮುಂದಿನ ವಾರ ತಿದ್ದಿದ ಪುಟವನ್ನೇ ಮತ್ತೆ ತಿದ್ದುವುದಕ್ಕೆ ಉಳಿದುಕೊಂಡಳು. "ಏನು ಮೌನಗೌರಿ, ಶನಿವಾರ ಮಧ್ಯಾಹ್ನಾನೂ ಇಲ್ಲೇನಾ? ಹೀಗೇ ಆದ್ರೆ ಆ ಪಂಪನ್ನೇ ಕಟ್ಕೋಬೇಕಾಗತ್ತೆ ನೀನು," ಎಂದಿದ್ದ ಅಕೌಂಟೆಂಟು, ಚೀಲ ಹೆಗಲಿಗೇರಿಸುತ್ತ. ಅವಳು ನಕ್ಕು ತಲೆ ತಗ್ಗಿಸಿದ್ದಳು. ಅವನ ಹೆಜ್ಜೆ ಮೆಟ್ಟಿಲಿಳಿಯುವುದನ್ನು ಕೇಳಿಸಿಕೊಂಡು, ಕೆಳಗಿನ ಬಾಗಿಲು ಹಾಕಿಕೊಂಡ ಮೇಲೆ, ಬೆಕ್ಕಿನ ಹಾಗೆ ಈ ಕೋಣೆಗೆ ಬಂದಿದ್ದಳು. ಬಲಕ್ಕೆ ತಿರುಗುವುದು ಅಮ್ಮನಿಗೆ ಬೇಗ ಬಂತು. ಎಡಕ್ಕೆ ತಿರುಗುವಾಗ ಮಾತ್ರ, ಗೋಡೆಯ ಹತ್ತಿರ, ಬೀಳುತ್ತಿದ್ದಳು. ಅಮ್ಮ ಬಿದ್ದಾಗ ಮೇಲೆ ಇವಳ ಕೈ ಕಿಟಕಿಯ ಗಾಜಿಗೆ ಹೋಗಿ ತಾಗುತ್ತಿತ್ತು. ಒಂದು ಸಲ ಮಂಡಿ ತರಚಿಸಿಕೊಂಡು ಮನೆಗೆ ಬಂದ ಅಮ್ಮ, "ಲಿನನ್ ರೂಮಲ್ಲಿ ಟ್ರಾಲಿ ತಾಗಿತು," ಎಂದಳು. "ನೋಡ್ಕೊಂಡು ಓಡಾಡಬಾರದಾ ಅಮ್ಮ," ಎಂದು ತಾನೇ ಬಗ್ಗಿ ಮುಲಾಮು ಹಚ್ಚಿದಳು. ಇಬ್ಬರ ಸುಳ್ಳೂ ಎಷ್ಟು ಸಲೀಸಾಗಿ ಬಂದಿತ್ತು! ಹಚ್ಚುವಾಗ ಅಮ್ಮನ ಮಂಡಿಯ ಮೇಲೆ ಸಿಮೆಂಟಿನ ಸಣ್ಣ ಕಣವೊಂದು ಕಂಡು, ಹತ್ತಿಯಿಂದ ಮೆಲ್ಲಗೆ ಎತ್ತಿ, ಬೆರಳ ತುದಿಯಲ್ಲಿ ಹೊಸಕಿ ಇಲ್ಲವಾಗಿಸಿದ್ದಳು. ಆ ರಾತ್ರಿ ಊಟದ ಹೊತ್ತಿನಲ್ಲಿ ಅವಳು ಅಷ್ಟು ಸುಖವಾಗಿ, ಅಷ್ಟು ಕಳ್ಳಿಯಾಗಿ ಎಂದೂ ಕೂತಿರಲಿಲ್ಲ.

ಹೇಳಿಬಿಡಬಹುದಿತ್ತು. ಹೇಳದೆ ಇದ್ದುದಕ್ಕೆ ಕಾರಣ ಆ ದಪ್ಪ ಮನುಷ್ಯನಲ್ಲ. ಅವರು ಆಸ್ಪತ್ರೆಯ ಲಿಫ್ಟ್ ನಡೆಸುವವರು, ಅಮ್ಮನ ಮಾತುಗಳಲ್ಲಿ ಲಿಫ್ಟಿನವರು ಎಂದೇ ಬರುತ್ತಿದ್ದರು. ಅವರು ಅಮ್ಮನಿಗೆ ಸ್ನೇಹಿತರೋ ಇನ್ನೇನೋ, ಅದು ಅವಳಿಗೆ ಒಂದು ವಾರ ಚುಚ್ಚಿ, ಆಮೇಲೆ ಸೀಟು ಹಿಡಿದು ಓಡುವಾಗಿನ ಅವರ ಏದುಸಿರು ನೋಡಿ ಪಾಪ ಅನಿಸಿ, ತಾನಾಗಿಯೇ ಇಳಿದುಹೋಗಿತ್ತು. ಕಾರಣ ಬೇರೆ. ಅವಳು ಚಿಕ್ಕವಳಿದ್ದಾಗ ಅಮ್ಮ ಹೊಲಿಯುತ್ತ ಗುನುಗುತ್ತಿದ್ದಳು. ಪದಗಳಿಲ್ಲದ, ಯಂತ್ರದ ಚಕ್ರದ ಜೊತೆ ಏರಿ ಇಳಿಯುವ ಏನೋ ಒಂದು. ಮೇಜಿನ ಕೆಳಗೆ ಬಟ್ಟೆಯ ಚೂರುಗಳ ನಡುವೆ ಕೂತು ಕೇಳುತ್ತಿದ್ದವಳು ಒಂದು ದಿನ ತಡೆಯಲಾಗದೆ ತಲೆ ಹೊರಹಾಕಿ, "ಇನ್ನೊಂದ್ಸಲ ಹಾಡಮ್ಮ," ಎಂದಳು. ಅಮ್ಮ ನಿಜಕ್ಕೂ ಆಶ್ಚರ್ಯದಿಂದ, "ಯಾವುದು? ನಾನೆಲ್ಲಿ ಹಾಡಿದೆ?" ಎಂದಳು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಆದರೆ ಆಮೇಲೆ ಯಂತ್ರದ ಸದ್ದು ಮಾತ್ರ ಉಳಿಯಿತು. ಮೇಜಿನ ಕೆಳಗೆ ಎಷ್ಟು ದಿನ ಉಸಿರು ಬಿಗಿ ಹಿಡಿದು ಕಾದರೂ ಗುನುಗು ಮರಳಿ ಬರಲಿಲ್ಲ. ಯಾರಾದರೂ ನೋಡಿದರೆ ನಿಂತುಹೋಗುವ ಹೆಂಗಸು ಅಮ್ಮ. ಅಮ್ಮನ ಮಗಳೇ ತಾನೂ. ಈಗ ತಾನು ಬಾಯಿ ಬಿಟ್ಟರೆ ಕೆಂಪು ಸೈಕಲ್ಲು ಯಾವುದಾದರೂ ಗೋಡೆಗೊರಗಿ ತುಕ್ಕು ಹಿಡಿಯುತ್ತದೆ. ಬಾಯಿ ಬಿಡದಿದ್ದರೆ, ಪರದೆಯ ಹಿಂದೆ ನಿಂತ ಒಂದೊಂದು ಶನಿವಾರವೂ ಅಮ್ಮನಿಂದ ಕದ್ದದ್ದಾಗುತ್ತದೆ. ಈ ಎರಡರ ನಡುವೆ ಅವಳು ವಾರಗಟ್ಟಲೆ ಓಲಾಡುತ್ತಿದ್ದಳು, ಆದರೆ ಶನಿವಾರ ಬಂದಾಗ ಮಾತ್ರ ಓಲಾಟ ಮರೆತು ಮೆಟ್ಟಿಲ ಸದ್ದಿಗೆ ಕಿವಿಗೊಡುತ್ತಿದ್ದಳು.

"ಈಗ ಒಂದೊಂದು ವಾಕ್ಯ," ಎಂದರು ಟೀಚರು.

ಅಕೌಂಟೆಂಟು ತಾನು ನಿಲ್ದಾಣದಲ್ಲಿ ಯಜಮಾನರನ್ನು ಮಿಕಾಕೆರು ಮಾಡಿ, ಅವರು ತನ್ನನ್ನು ಮಾಡುವ ಮೊದಲೇ ಓಡಿಹೋದದ್ದನ್ನು ಹೇಳಿ ಶಹಬ್ಬಾಸ್ ಗಿಟ್ಟಿಸಿದ. ಅವಳ ಸರದಿ. ಬೇರೆ ವಾಕ್ಯ ಸಿದ್ಧವಾಗಿತ್ತು, ಬೀದಿಯಲ್ಲಿ ಬೆಕ್ಕು ಕಂಡದ್ದರ ಬಗ್ಗೆ. ಆದರೆ ಬಾಯಿ ತೆರೆದಾಗ ಬಂದದ್ದು ಬೆಕ್ಕಲ್ಲ.

"ಮೈಶೂ, ದೊಯೋಬಿ ನಿ, ಹಾಹಾ ಓ ಮಿಕಾಕೆಮಾಸು."

ಪ್ರತಿ ವಾರ ಶನಿವಾರ ಅಮ್ಮನನ್ನು ಮಿಕಾಕೆರು ಮಾಡುತ್ತೇನೆ. ತನ್ನ ಅಮ್ಮನಾದರೆ ಹಾಹಾ, ಬೇರೆಯವರ ಅಮ್ಮನಾದರೆ ಒಕಾಸಾನ್ ಎಂದು ಕಲಿತ ದಿನವೇ ಅಕೌಂಟೆಂಟು, "ನಮ್ಮಮ್ಮನ್ನ ಹಾಹಾ ಅಂದ್ರೆ ಬೆನ್ನ ಮೇಲೆ ಹೋಹೋ ಅಂತ ಬಾರಿಸ್ತಾಳೆ," ಎಂದು ನಗಿಸಿದ್ದ. ಈಗಲೂ ಅವನೇ ಮೊದಲು ನಕ್ಕ.

"ಒಂದೇ ಮನೇಲಿದ್ದು ಅಮ್ಮನ್ನ ಅಕಸ್ಮಾತ್ ನೋಡ್ತೀಯಾ? ಅದೂ ಟೈಮ್‌ಟೇಬಲ್ ಹಾಕ್ಕೊಂಡು? ಮಿಕ್ಕ ದಿನ ಕಣ್ಮುಚ್ಕೊಂಡಿರ್ತೀಯೇನೆ?"

ಕಿವಿ, ಕತ್ತು, ಕೆನ್ನೆ, ಎಲ್ಲವೂ ಒಂದೇ ಸಲ ಉರಿದವು. ಟೀಚರೂ ನಗುತ್ತಿದ್ದರು, ಆದರೆ ಮೆತ್ತಗೆ. "ವ್ಯಾಕರಣ ಸರಿಯಾಗಿದೆಯಮ್ಮ. ಅರ್ಥ ಮಾತ್ರ ಕೂತ್ಕೊಳ್ಳಲ್ಲ. ಪ್ರತಿ ಶನಿವಾರ ಅಂತ ಗೊತ್ತಿದ್ದು ಹೋದ್ರೆ ಅದು ಕಾಯೋದಾಯ್ತು. ಕಾಯೋರಿಗೆ ಈ ಪದ ಸಿಗಲ್ಲ." ಎಂದು ಹಲಗೆಯ ಮೇಲೆ ಅವಳ ವಾಕ್ಯ ಬರೆದು, 'ಮೈಶೂ' ಎನ್ನುವುದರ ಮೇಲೆ ಒಂದು ಗೆರೆ ಎಳೆದರು. ಆ ಗೆರೆಯನ್ನು ಪಾಠ ಮುಗಿಯುವವರೆಗೂ ಅವಳು ನೋಡುತ್ತ ಕೂತಳು.

ಆಮೇಲೆ ಅಕೌಂಟೆಂಟು ಉಳಿದ ಬಿಸ್ಕತ್ತು ಜೇಬಿಗಿಳಿಸಿ ಹೋದ ಮೇಲೆ, ಲೋಟ ತೊಳೆಯುವ ಬೇಸಿನ್ನಿನ ಹತ್ತಿರ, ನಲ್ಲಿಯ ಸದ್ದಿನ ಮರೆಯಲ್ಲಿ ಕೇಳಿದಳು: "ಟೀಚರ್, ಮೊದಲನೇ ಸಲ ಅಕಸ್ಮಾತ್ ನೋಡಿ, ಆಮೇಲೆ ಹಾಗೇ ನಿಂತುಬಿಟ್ರೆ?"

"ನಿಲ್ಲೋವರೆಗೂ ಮಿಕಾಕೆರು. ನಿಂತ ಮೇಲೆ ಬೇರೆ ಪದ."

"ಯಾವ ಪದ?"

ಟೀಚರು ಲೋಟ ಬೋರಲು ಹಾಕುತ್ತ ಅವಳನ್ನೊಮ್ಮೆ ಪೂರ್ತಿಯಾಗಿ ನೋಡಿದರು. "ಬೇಕಾದಷ್ಟಿವೆ. ಕದ್ದು ನೋಡೋದಕ್ಕೊಂದು, ಕಾವಲಿಗೆ ನೋಡೋದಕ್ಕೊಂದು, ಕಣ್ಣು ತುಂಬ ನೋಡೋದಕ್ಕೊಂದು. ಯಾಕೆ ನಿಂತೆ ಅಂತ ನೀನೇ ಹೇಳಿದ್ರೆ ತಾನೇ ನಾನು ಪದ ಕೊಡೋದು?" ಎಂದು, ಒದ್ದೆ ಕೈಯಿಂದಲೇ ಅವಳ ಭುಜ ತಟ್ಟಿ ಚಪ್ಪಲಿ ಹುಡುಕಲು ಹೋದರು. ಭುಜದ ಮೇಲೆ ಒದ್ದೆ ಬೆರಳ ಗುರುತಿಟ್ಟುಕೊಂಡು ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟು ನಡುದಾರಿಯಲ್ಲಿ ನಿಂತಳು. ಜನ ತಳ್ಳುತ್ತಿದ್ದರು, ಯಾರೋ ಮುದುಕಿಯ ಚೀಲದ ಕೊಕ್ಕೆ ಅವಳ ತೋಳಿಗೆ ಸಿಕ್ಕಿಕೊಂಡಿತ್ತು, ಬಿಡಿಸಿಕೊಟ್ಟಾಗ ಆ ಮುದುಕಿ "ಥ್ಯಾಂಕ್ಸ್ ಮಗಳೇ," ಎಂದಳು. ಯಾಕೆ ನಿಂತೆ. ಅಮ್ಮನನ್ನು ಹಿಡಿದುಹಾಕಲು ಅಲ್ಲ. ಕಾವಲಿಗೂ ಅಲ್ಲ, ಬಿದ್ದರೆ ಮೂರನೇ ಮಹಡಿಯಿಂದ ಹಾರಿ ಹಿಡಿಯಲಾಗುತ್ತದೆಯೇ. ಅಷ್ಟು ಖುಷಿಯಾಗಿರುವ ಯಾರನ್ನೋ ನೋಡುತ್ತಿದ್ದರೆ ತನ್ನ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು, ಅದಕ್ಕೆ. ಹೀಗೆ ಹೇಳಿದರೆ ಅದಕ್ಕೊಂದು ಪದ ಇದೆಯೇ? ಇಳಿಯುವ ನಿಲ್ದಾಣ ಬಂದದ್ದೇ ತಿಳಿಯಲಿಲ್ಲ, ಒಂದು ನಿಲ್ದಾಣ ಮುಂದೆ ಹೋಗಿ ಹಿಂದಕ್ಕೆ ನಡೆದು ಬಂದಳು. ಆ ನಡಿಗೆಯಲ್ಲಿ ಹೇಳುವುದೆಂದು ಮೂರು ಸಲ, ಬೇಡವೆಂದು ನಾಲ್ಕು ಸಲ ನಿಶ್ಚಯಿಸಿದಳು.

ಅಮ್ಮ ಪಕ್ಕದ ಮನೆಯವರ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ಬಾಯಲ್ಲಿ ಎರಡು ಗುಂಡುಪಿನ್ನು. "ತಡ ಆಯ್ತಲ್ಲೇ. ಮುಖ ತೊಳ್ಕೊಂಡು ಬಾ," ಎಂದಳು ಪಿನ್ನುಗಳ ನಡುವಿನಿಂದ. ಅವಳು ಮುಖ ತೊಳೆದು ಬಂದ ಮೇಲೆ, ಅಮ್ಮ ಪಾಠದ ದಿನಗಳಲ್ಲಿ ಕೇಳುವ ಹಾಗೆಯೇ ಕೇಳಿದಳು: "ಇವತ್ತೇನು ಹೊಸದು?"

"ಮಿಕಾಕೆರು."

"ಅಂದ್ರೆ?"

"ಅಕಸ್ಮಾತ್ ಕಣ್ಣಿಗೆ ಬೀಳೋದು."

"ಓ. ಎಲ್ಲಿ, ಒಂದು ವಾಕ್ಯ ಮಾಡು ನೋಡೋಣ."

ಬೆಕ್ಕಿನ ವಾಕ್ಯ ಇನ್ನೂ ಇತ್ತು, ಯಾರೂ ಬಳಸಿರಲಿಲ್ಲ. ಅವಳು ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಆಫೀಸಿನ ಕಿಟಕಿಯಿಂದ," ಎಂದಳು, "ಅಮ್ಮ ಸೈಕಲ್ ತುಳಿಯೋದು ಕಣ್ಣಿಗೆ ಬಿತ್ತು."

ಯಂತ್ರದ ಸೂಜಿ ಬಟ್ಟೆಯೊಳಗೆ ಅರ್ಧ ಇಳಿದು ನಿಂತಿತು. ಅಮ್ಮ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿದಳು.

"ಯಾವ ಸೈಕಲ್ಲು?"

ಅದೇ ದನಿ, ಅದೇ ನಿಜವಾದ ಆಶ್ಚರ್ಯ. ಇಲ್ಲಿ ಸುಮ್ಮನಾಗಬಹುದಿತ್ತು, ಬೇರೆ ಯಾರೋ ಇರಬೇಕು ಎಂದು ನಕ್ಕುಬಿಟ್ಟರೆ ಅಮ್ಮನೂ ನಕ್ಕು, ಇಬ್ಬರೂ ಅಂಚು ಮಡಿಸಿಕೊಂಡು ಕೂರಬಹುದಿತ್ತು. ಆದರೆ ಆ ವಾಕ್ಯದಲ್ಲಿ ಅಮ್ಮ ಬಂದು ಬಿದ್ದಿದ್ದಳೇ ಹೊರತು ತಾನು ಎಲ್ಲೂ ಇರಲಿಲ್ಲ. ಅದು ಸರಿಯಿರಲಿಲ್ಲ.

"ಕೆಂಪು ಸೈಕಲ್ಲು. ಗೋದಾಮಿನ ಅಂಗಳದಲ್ಲಿ. ಮೊದಲನೇ ದಿನ ಕಣ್ಣಿಗೆ ಬಿತ್ತಮ್ಮ. ಆಮೇಲೆ ಬಿದ್ದಿದ್ದಲ್ಲ. ನಾನೇ ನೋಡಿದ್ದು. ಪ್ರತಿ ಶನಿವಾರ ಉಳ್ಕೊಂಡು, ಪರದೆ ಹಿಂದೆ ನಿಂತು ನೋಡ್ತಿದ್ದೆ." ಟವೆಲ್ಲನ್ನು ಮತ್ತೊಮ್ಮೆ ಮಡಿಸಿದಳು. "ಇನ್ನು ನೋಡಲ್ಲ. ನೀನು ಬಿಡಬೇಡ."

ಅಮ್ಮ ಪ್ಯಾಂಟಿನ ಕಾಲನ್ನು ಸವರುತ್ತ ಕೂತಳು. ಕಿವಿಯ ತುದಿ ಕೆಂಪಾಗಿದ್ದುದು ಟ್ಯೂಬ್‌ಲೈಟಿನಲ್ಲಿ ಕಾಣುತ್ತಿತ್ತು. ಅದು ತನ್ನದೇ ಕಿವಿಯ ಹಾಗಿತ್ತು.

"ಬಿದ್ದಿದ್ದೂ ನೋಡಿದ್ಯಾ?"

"ಹೂಂ."

"ನಕ್ಕಿದ್ಯಾ?"

"ಇಲ್ಲ... ಒಂದ್ಸಲ. ಲಿಫ್ಟಿನವರ ಚಪ್ಪಲಿ ಹಾರಿಹೋಯ್ತಲ್ಲ, ಆವತ್ತು."

"ಕತ್ತೆ," ಎಂದಳು ಅಮ್ಮ. ಬಟ್ಟೆಯ ಕಡೆಗೇ ನೋಡುತ್ತ, "ಚೆನ್ನಾಗಿ ಬಂದ ಮೇಲೆ ನಿನ್ನ ಆಫೀಸಿನ ಮುಂದೆ ಬಂದು ನಿಂತು ಬೆಲ್ ಹೊಡೀಬೇಕು ಅಂತಿದ್ದೆ. ನೀನು ಇಳಿದು ಬಂದು ಬಾಯಿ ಬಿಟ್ಕೊಂಡು ನೋಡಬೇಕು ಅಂತ. ಅದಕ್ಕೇ ಆ ಅಂಗಳ, ಹತ್ರ ಆಗತ್ತೆ ಅಂತ. ಹಿಂದಗಡೆ ನಿಮ್ಮ ಕಿಟಕಿ ಇರತ್ತೆ ಅಂತ ಯಾರಿಗೆ ಗೊತ್ತಿತ್ತು? ಎಲ್ಲಾ ಹಾಳು ಮಾಡಿದೆ ನೋಡು."

ಅವಳು ಕದ್ದದ್ದು, ಅಮ್ಮ ತನಗೆಂದೇ ಎತ್ತಿಟ್ಟಿದ್ದುದನ್ನು. ಅಮ್ಮ ಸೂಜಿಯನ್ನು ಮೇಲೆತ್ತಿ, ದಾರ ಕತ್ತರಿಸಿ, ಪ್ಯಾಂಟನ್ನು ಪಕ್ಕಕ್ಕಿಟ್ಟಳು. ಇನ್ನು ಎದ್ದು ಅಡುಗೆಮನೆಗೆ ಹೋಗುತ್ತಾಳೆ, ನಾಳೆ ಏನು ಮಾಡಲಿ ಊಟಕ್ಕೆ ಎಂದು ಕೇಳುತ್ತಾಳೆ, ಅಲ್ಲಿಗೆ ಮುಗಿಯಿತು, ಎಂದುಕೊಂಡಳು.

"ಅಲ್ವೇ," ಎಂದಳು ಅಮ್ಮ, ಏಳದೆ. "ಎಡಕ್ಕೆ ತಿರುಗಿಸುವಾಗ ಯಾಕೆ ಬೀಳ್ತೀನಿ ನಾನು?"

"ಹಾಂ?"

"ಮೇಲಿಂದ ಪೂರಾ ನೋಡಿದೋಳು ನೀನೊಬ್ಬಳೇ. ಲಿಫ್ಟಿನವರು ಹಿಂದಿರ್ತಾರೆ, ಅವರಿಗೇನು ಕಾಣತ್ತೆ, ನನ್ನ ಬೆನ್ನು. ಅವರ ಜನ್ಮವೆಲ್ಲ ಮೇಲೆ ಕೆಳಗೆ ಹೋಗೋದ್ರಲ್ಲೇ ಕಳೀತು, ಎಡ ಬಲ ಹೇಳಿಕೊಡೋಕೆ ಬರಲ್ಲ. ಧೈರ್ಯ ಅಮ್ಮಾ ಧೈರ್ಯ ಅಂತಾರೆ. ಧೈರ್ಯ ತಗೊಂಡು ಏನ್ಮಾಡ್ಲಿ? ನೀನು ಹೇಳು."

ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಅಮ್ಮ ಕೇಳಿದ ಮೇಲೆ ಗೊತ್ತಾಯಿತು. ಅಷ್ಟು ಶನಿವಾರಗಳು ಕಣ್ಣೊಳಗೆ ಒಂದರ ಮೇಲೊಂದು ಮಡಿಸಿಟ್ಟ ಬಟ್ಟೆಯ ಹಾಗೆ ಇದ್ದವು. "ನೀನು ಗೋಡೆನೇ ನೋಡ್ತೀಯಮ್ಮ," ಎಂದಳು, "ಅದು ಎಲ್ಲಿ ಬಂದುಬಿಡತ್ತೋ ಅಂತ. ಎಲ್ಲಿ ನೋಡ್ತೀಯೋ ಅಲ್ಲಿಗೇ ಹೋಗತ್ತೆ ಸೈಕಲ್ಲು. ಬಲಕ್ಕೆ ತಿರುಗುವಾಗ ಹಾಗೆ ಮಾಡಲ್ಲ, ದೂರ ನೋಡ್ತೀಯ. ಆಮೇಲೆ..." ನಿಲ್ಲಿಸಿದಳು.

"ಆಮೇಲೇನು? ಹೇಳು, ನಾಚಿಕೆ ಎಂಥದು."

"ತಿರುಗೋಕೆ ಮುಂಚೆನೇ ನಗೋಕೆ ಶುರು ಮಾಡ್ತೀಯ. ಹ್ಯಾಂಡಲ್ ಅಲ್ಲಾಡತ್ತೆ."

"ಹಂಗಾದ್ರೆ ನಗಬಾರದಾ?"

"ನಗು," ಎಂದಳು ಅವಳು, ತನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ. "ತಿರುಗಿದ ಮೇಲೆ ನಗು. ಇಲ್ಲಾಂದ್ರೆ ನಕ್ಕೊಂಡೇ ಬೀಳು. ನಗೋದು ಬಿಡಬೇಡ."

ಅಮ್ಮ ಯಂತ್ರದ ಪಕ್ಕದಲ್ಲಿದ್ದ ಮರದ ಅಳತೆಕೋಲನ್ನು ತೆಗೆದುಕೊಂಡಳು. ಸ್ಟೂಲನ್ನು ಕೋಣೆಯ ನಡುವಿಗೆ ಎಳೆದು, ಬೆನ್ನು ನೆಟ್ಟಗೆ ಮಾಡಿ ಕೂತು, ಕೋಲನ್ನು ಎರಡೂ ಕೈಯಲ್ಲಿ ಅಡ್ಡಕ್ಕೆ ಹಿಡಿದಳು. ಮೊಣಕೈಗಳು ತಾವಾಗಿಯೇ ಹೊರಕ್ಕೆ ಚಾಚಿಕೊಂಡವು. ಕಿವಿ ಇನ್ನೂ ಕೆಂಪಗೇ ಇತ್ತು. ಎದುರಿಗೆ ಬಟ್ಟೆಯ ಬೀರು, ಎಡಕ್ಕೆ ಬಾಗಿಲು, ಬಾಗಿಲಾಚೆ ದೀಪವಿಲ್ಲದ ಓಣಿ. ಗಂಭೀರವಾಗಿ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ದೂರ ನೋಡಬೇಕು ಅಂದೆಯಲ್ಲ. ಸರಿ. ಅಲ್ಲಿ ಮೂಲೇಲಿ ನಿಂತ್ಕೊಂಡ್ರೆ ಏನು ಕಾಣತ್ತೆ, ಮುಂದೆ ಬಾ," ಎಂದಳು. "ಈಗ ತಿರುಗಿಸ್ತೀನಿ. ನೋಡು."

ಅವಳು ಕುರ್ಚಿ ಎಳೆದುಕೊಂಡು, ಅಮ್ಮನ ಎದುರಿಗೇ ಕೂತು, ನೋಡಿದಳು.